ಆಟ ಅವರದು, ಕೈಕೆಲಸ ಬೆಂಗಳೂರಿನದು

ಚೆನ್ನೈನ ಉತ್ತರ ಅಂಚಿನ ಮಣಲಿಯಲ್ಲಿ 1969ರಿಂದ ಕಚ್ಚಾ ತೈಲ ಶುದ್ಧಿಯಾಗುತ್ತಿದೆ. ಹೊರಗಿನಿಂದ ಬಂದದ್ದು ಪೆಟ್ರೋಲು, ಡೀಸೆಲ್ ಆಗಿ ಹೊರಡುತ್ತದೆ. ಚಿಮಣಿ ಊರಿಗೆಲ್ಲ ಕಾಣುತ್ತದೆ. ಬೇರೆಯವರ ಸರಕನ್ನು ಹದಮಾಡಿ ಕೊಡುವ ಇನ್ನೊಂದು ಉದ್ಯಮ ಬೆಂಗಳೂರಿನಲ್ಲಿ ಕಾಲು ಶತಮಾನದಿಂದ ನಡೆದಿದೆ. ಅದಕ್ಕೆ ಚಿಮಣಿ ಇಲ್ಲದ್ದರಿಂದಲೋ ಏನೋ, ನಮ್ಮ ಕಣ್ಣಿಗೆ ಬಿದ್ದೇ ಇಲ್ಲ. ಪರದೇಶದ ವಿಡಿಯೊ ಗೇಮ್‌ಗಳಿಗೆ ಚಿತ್ರ, ಕೋಡ್, ಪರೀಕ್ಷೆ, ಭಾಷಾಂತರ ಒದಗಿಸುವ ಸೇವಾ ಕಂಪನಿಗಳ ಉದ್ಯಮ ಅದು.

ರೇಸಿಂಗ್ ಗೇಮ್‌ಗೆ ಒಂದು ಕಾರು ಬೇಕೆಂದುಕೊಳ್ಳಿ. ಕಾರಿನ ನಕ್ಷೆಯೋ ರಾಶಿ ಫೋಟೊಗಳೋ ಸ್ಟುಡಿಯೊಗೆ ಬರುತ್ತವೆ. ಮಾಡೆಲರ್ ಅದನ್ನು ಪಾಲಿಗನ್ ಎಂಬ ಪುಟ್ಟ ಪುಟ್ಟ ಮುಖಗಳನ್ನು ಜೋಡಿಸಿ ಕಟ್ಟುತ್ತಾರೆ. ಬಾನೆಟ್ಟಿನ ಬಾಗು ಕೂದಲೆಳೆಯಷ್ಟು ತಪ್ಪಿದರೂ ಅದರ ಮೇಲೆ ಬೀಳುವ ಬೆಳಕಿನ ಗೆರೆ ಸೊಟ್ಟಗಾಗಿ ಕಾಣುತ್ತದೆ. ಕಟ್ಟಿ ಮುಗಿದ ಮಾದರಿ ಆಟದಲ್ಲಿ ಓಡಲಾರದಷ್ಟು ಭಾರ. ಹಾಗಾಗಿ ಮುಖಗಳನ್ನು ಕಡಿಮೆ ಮಾಡಿದ ಹಗುರ ಮಾದರಿಯೊಂದನ್ನು ಮಾಡಿ, ಮೂಲದ ಉಬ್ಬುತಗ್ಗುಗಳನ್ನು ಚಿತ್ರವಾಗಿ ‘ಬೇಕ್’ ಮಾಡಿ ಅದಕ್ಕೆ ಹೊದಿಸುತ್ತಾರೆ. ದೂರದಿಂದ ಕಾಣುವ ಕಾರಿಗೆ ಇನ್ನೂ ಹಗುರವಾದ ಪ್ರತಿಗಳು ಬೇಕು. ಬಣ್ಣ, ಗೀರು, ತುಕ್ಕು, ಕೆಸರು ಟೆಕ್ಸ್‌ಚರ್ ಕಲಾವಿದರ ಪಾಲು. ಗೇಮ್ ಎಂಜಿನ್‌ಗೆ ಹಾಕಿ ನೋಡಿದ ಮೇಲೆ ತಪ್ಪುಗಳ ಪಟ್ಟಿ ವಾಪಸು ಬರುತ್ತದೆ, ಮತ್ತೆ ತಿದ್ದಬೇಕು. ಇದನ್ನು ಬರೀ ಕೂಲಿ ಕೆಲಸವೆಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಕಣ್ಣು, ಕೈ ಎರಡೂ ಪಳಗಿದವರಿಗಷ್ಟೇ ಒಲಿಯುವ ಕಸುಬು ಇದು.

ಇದಕ್ಕೆ ನಮ್ಮಲ್ಲಿ ದಾರಿ ಹಾಕಿದ್ದು ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್. ಆಗ ಗೇಮ್ ತಯಾರಿ ಕಲಿತು ಬಂದವರು ಸಿಗುತ್ತಿರಲಿಲ್ಲ. ಚಿತ್ರ ಬರೆಯಬಲ್ಲವರನ್ನು ಹುಡುಕಿ ತಂದು ಸ್ಟುಡಿಯೊದಲ್ಲೇ ತಯಾರು ಮಾಡಬೇಕಿತ್ತು. ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಸರಣಿಗೆ ಧ್ರುವದ ಕಲಾವಿದರು ದುಡಿದಿದ್ದಾರೆ. ಥಾಮಸ್ ಫ್ರೀಡ್‌ಮನ್ 2005ರ ತಮ್ಮ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದಲ್ಲಿ ರಾಜೇಶ್ ರಾವ್ ಅವರ ಕಥೆ ಹೇಳಿದರು. ಮುಂದೆ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವವನ್ನು ಕೊಂಡಿತು; 2019ರಲ್ಲಿ ಅದು ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಗಿ, ಅದರ ಬೆಂಗಳೂರು ಸ್ಟುಡಿಯೊದಲ್ಲಿ ಸೇರಿಹೋಯಿತು. ಕಸುಬುದಾರರು ಉಳಿದರು, ಧ್ರುವ ಎಂಬ ಹೆಸರು ಉಳಿಯಲಿಲ್ಲ.

ಹೊರಗಿನ ಕಥೆಯೂ ಹೆಚ್ಚು ಭಿನ್ನವಲ್ಲ. ಡಬ್ಲಿನ್‌ನ ಕೀವರ್ಡ್ಸ್ ಸ್ಟುಡಿಯೋಸ್ 2014ರಲ್ಲಿ ಗುರುಗ್ರಾಮದ ಲಕ್ಷ್ಯ ಡಿಜಿಟಲ್ ಕಂಪನಿಯನ್ನು ಕೊಂಡುಕೊಂಡಿತು. ಹೀಗೆ ದೇಶದೇಶಗಳ ಸ್ಟುಡಿಯೊಗಳನ್ನು ಕೊಳ್ಳುತ್ತಲೇ ಬೆಳೆದ ಅದನ್ನೂ 2024ರಲ್ಲಿ ಹೂಡಿಕೆ ಸಂಸ್ಥೆ ಇಕ್ಯೂಟಿ ಕೊಂಡಿತು. 2004ರಲ್ಲಿ ಶಾಂಘೈನಲ್ಲಿ ಹುಟ್ಟಿದ ವರ್ಚುವಾಸ್ ಮುಂದಿನ ವರ್ಷಗಳಲ್ಲಿ ವಿಯೆಟ್ನಾಂ, ಯುರೋಪುಗಳಿಗೂ ಹರಡಿತು. 2025ರ ಏಪ್ರಿಲ್‌ನಲ್ಲಿ ಬಂದ ‘ಆಬ್ಲಿವಿಯನ್ ರೀಮಾಸ್ಟರ್ಡ್’ ಆಟವನ್ನು ಬೆಥೆಸ್ಡಾ ಜೊತೆ ಸೇರಿ ಕಟ್ಟಿದ್ದು ಅದೇ.

ಈ ದುಡಿಮೆಗೆ ಭದ್ರತೆ ಕಡಿಮೆ. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನ ಟೆಕ್ನಿಕಲರ್ ಗ್ರೂಪ್ ಕುಸಿದಾಗ ಬೆಂಗಳೂರಿನಲ್ಲಿ ಸಿನಿಮಾ ಗ್ರಾಫಿಕ್ಸ್, ಅನಿಮೇಷನ್ ಕೆಲಸ ಮಾಡುತ್ತಿದ್ದ ದೊಡ್ಡ ಸಂಖ್ಯೆಯ ಜನ ಒಮ್ಮೆಲೇ ಬೀದಿಗೆ ಬಿದ್ದರು. ಗೇಮ್ ಕಲಾವಿದರಿಗೆ ಇನ್ನೊಂದು ತೊಡಕಿದೆ: ಗೌಪ್ಯತೆಯ ಒಪ್ಪಂದದಿಂದಾಗಿ ತಾವು ಯಾವ ಆಟಕ್ಕೆ ದುಡಿಯುತ್ತಿದ್ದೇವೆಂದು ಮನೆಯಲ್ಲೂ ಹೇಳುವಂತಿಲ್ಲ. ಆಟ ಬಿಡುಗಡೆಯಾದ ಮೇಲಾದರೂ ಕೊನೆಯ ಹೆಸರುಪಟ್ಟಿಯಲ್ಲಿ ಅವರಿರಬೇಕಲ್ಲವೇ? ಎಷ್ಟೋ ಸಲ ಕಂಪನಿಯ ಹೆಸರೊಂದೇ ಇರುತ್ತದೆ.

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದು ಕರ್ನಾಟಕ, 2012ರಲ್ಲಿ. ಇಂಥ ನೀತಿಯಡಿ ರಿಯಾಯಿತಿ ಪಡೆಯುವ ಸ್ಟುಡಿಯೊ ತನ್ನ ಕಲಾವಿದರ ಹೆಸರನ್ನು ಪಟ್ಟಿಗೆ ಸೇರಿಸಲು ಗುತ್ತಿಗೆಯಲ್ಲೇ ಕೇಳಬೇಕೆಂಬ ಷರತ್ತನ್ನು ಸರ್ಕಾರ ಹಾಕಬಹುದು. ಅದಕ್ಕೆ ಬೊಕ್ಕಸದಿಂದ ಕಾಸೂ ಹೋಗದು. ಮನೆಯಲ್ಲಿ ಮಕ್ಕಳು ಆಟ ಮುಗಿಸಿದಾಗ ಆ ಹೆಸರುಪಟ್ಟಿಯನ್ನು ಹಾರಿಸದೆ ಓಡಲು ಬಿಡಿ, ಜೊತೆಗೆ ಕೂತು ಓದಿ.