ರೇಷ್ಮೆ ನೂಲು ತೆಗೆಯುವವರಿಗೆ ಪಿಂಚಣಿ

ಪ್ರಶ್ನೆ: ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಕೆಲಸಗಾರರಿಗೆ ಪಿಂಚಣಿಯೇಕಿಲ್ಲ?

ಉತ್ತರ: 1952ರ ಭವಿಷ್ಯನಿಧಿ ಶಾಸನವು 20 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳನ್ನೇ ಕಡ್ಡಾಯದ ವ್ಯಾಪ್ತಿಗೆ ತಂದುದರಿಂದಲೂ, ಗೂಡು ಬೇಯಿಸಿ ನೂಲು ತೆಗೆಯುವ ಘಟಕಗಳು ಬಹುಮಟ್ಟಿಗೆ ಅದಕ್ಕಿಂತ ಚಿಕ್ಕವಾದುದರಿಂದಲೂ, ಬಿಸಿನೀರಿನಲ್ಲಿ ಕೈಯದ್ದಿ ಆಯುಷ್ಯ ಸವೆಸುವ ಹೆಂಗಸರು ಆ ಆಶ್ರಯದಿಂದ ಹೊರಗುಳಿದಿರುವರು, ಇದು ವ್ಯಥೆಯ ಸಂಗತಿಯೇ ಸರಿ. ದೊಡ್ಡ ಕಾರ್ಖಾನೆಯವರಿಗಾದರೋ, 1995ರ ನೌಕರರ ಪಿಂಚಣಿ ಯೋಜನೆಯಂತೆ, ಮಾಲೀಕರು ತೆರುವ ಶೇ. 12ರಲ್ಲಿ ಶೇ. 8.33 ಭಾಗ, ನಿಗದಿತ ವೇತನಮಿತಿಗೊಳಪಟ್ಟು, ಪಿಂಚಣಿನಿಧಿಗೆ ಸಲ್ಲುತ್ತದೆ. 10 ವರ್ಷ ಸೇವೆ ಪೂರೈಸಿದವರಿಗೆ 58ನೆಯ ವಯಸ್ಸಿಗೆ ಮಾಸಾಶನ ದೊರೆಯುತ್ತದೆ. ಮಾಲೀಕರೂ ಬಹುಸಂಖ್ಯಾತ ಕೆಲಸಗಾರರೂ ಸಮ್ಮತಿಸಿದರೆ ಚಿಕ್ಕ ಘಟಕವೂ ಸ್ವೇಚ್ಛೆಯಿಂದ ಭವಿಷ್ಯನಿಧಿಗೆ ಸೇರಬಹುದೆಂಬುದನ್ನು ಈ ನೂಲು ತೆಗೆಯುವವರಿಗೆ ತಿಳಿಯಹೇಳಬೇಕು. ಅಸಂಘಟಿತ ಕೆಲಸಗಾರರಿಗಾಗಿ ಇರುವ 2019ರ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ಸರ್ಕಾರದ ಸಮಪಾಲಿನೊಡನೆ 60ರ ನಂತರ ತಿಂಗಳಿಗೆ 3,000 ರೂಪಾಯಿ ಉಂಟು. ಮಾಲೀಕರ ಪಾಲು ಮಾತ್ರ ಅಲ್ಲಿಲ್ಲ.