ಮರಳಿ ಮರಳಿ ಬರುವ ಹುಣ್ಣು

ಗಟ್ಟಿಯಾದ ಮಾಂಸವನ್ನೂ ಕರಗಿಸಬಲ್ಲ ನಮ್ಮ ಜಠರವು ತನ್ನನ್ನು ತಾನೇ ಏಕೆ ಕರಗಿಸಿಕೊಳ್ಳುವುದಿಲ್ಲ? ಜಠರರಸದಲ್ಲಿ ತೀಕ್ಷ್ಣವಾದ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಇವೆ. ಆದರೆ ಜಠರದ ಒಳಗೋಡೆಯ ಮೇಲೆ ಲೋಳೆಯ ಹೊದಿಕೆಯೊಂದುಂಟು. ಅದರಲ್ಲಿರುವ ಕ್ಷಾರವು ಗೋಡೆಯ ಬಳಿಗೆ ಬರುವ ಆಮ್ಲದ ಉಗ್ರತೆಯನ್ನು ಕಳೆಯುತ್ತದೆ. ಆಮ್ಲಕ್ಕೂ ಈ ಕಾವಲಿಗೂ ಇರುವ ಸಮತೋಲ ಕೆಟ್ಟರೆ ಹುಣ್ಣಾಗುತ್ತದೆ.

ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ವಾರೆನ್ ಮತ್ತು ಮಾರ್ಷಲ್ 1980ರ ದಶಕದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯವನ್ನು ಈ ಹುಣ್ಣುಗಳಿಗೆ ಮುಖ್ಯ ಕಾರಣವೆಂದು ಎತ್ತಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆ ಜೀವಾಣುವನ್ನು ನಿರ್ಮೂಲ ಮಾಡಿದರೆ ಹುಣ್ಣು ಸಾಮಾನ್ಯವಾಗಿ ಮರುಕಳಿಸದು. ಹಾಗಾದರೆ ಜೀವಾಣುವಿನ ಸುಳಿವೇ ಇಲ್ಲದವರಲ್ಲಿ ವರ್ಷಗಟ್ಟಲೆ ಹುಣ್ಣು ಮರಳಿ ಬರುವುದೇಕೆ?

1955ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಶಸ್ತ್ರವೈದ್ಯರಾದ ಜಾಲಿಂಜರ್ ಮತ್ತು ಎಲಿಸನ್ ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರೂ ಅವರಲ್ಲಿ ಹುಣ್ಣು ತಲೆದೋರುತ್ತಲೇ ಇತ್ತು; ಆಮ್ಲವು ಮಿತಿಮೀರಿ ಸುರಿಯುತ್ತಿತ್ತು. ದೋಷವಿದ್ದುದು ಜಠರದಲ್ಲಲ್ಲ, ಅದರ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿ ಬೆಳೆದ ಗಂತಿಯಲ್ಲಿ! ಇಂಥ ಗಂತಿಯು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಎಡೆಬಿಡದೆ ಸ್ರವಿಸಿ, ಆಮ್ಲವನ್ನು ಸುರಿಸುವಂತೆ ಜಠರವನ್ನು ಪ್ರಚೋದಿಸುತ್ತದೆಂಬುದು ಅನಂತರದ ಸಂಶೋಧನೆಗಳಿಂದ ಸಿದ್ಧವಾಯಿತು. ನಲ್ಲಿಯನ್ನು ತೆರೆದೇ ಇಟ್ಟು ನೆಲವನ್ನು ಎಷ್ಟು ಒರಸಿದರೇನು?

ಈ ರೋಗ ಅತಿ ವಿರಳ. ಇದಕ್ಕಿಂತ ಎಷ್ಟೋ ಸಾಮಾನ್ಯವಾದ ಕಾರಣ ನಮ್ಮ ಮನೆಯ ಔಷಧದ ಡಬ್ಬಿಯಲ್ಲೇ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವುನಿವಾರಕಗಳೇ ಅದು. ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ಹುಟ್ಟದಂತೆ ತಡೆದು ಇವು ನೋವನ್ನು ಶಮನಗೊಳಿಸುತ್ತವೆ ಎಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದರು. ಆದರೆ ಜಠರದ ಲೋಳೆ, ಕ್ಷಾರ, ರಕ್ತಸಂಚಾರಗಳನ್ನು ಕಾಪಾಡುವುದೂ ಅದೇ ವಸ್ತುಗಳು! ಕೀಲಿನ ನೋವು ಇಳಿಯುವಾಗ ಜಠರದ ಕಾವಲೂ ಸಡಿಲುತ್ತದೆ. ಈ ಪರಿಣಾಮವು ರಕ್ತದ ಮೂಲಕವೂ ಆಗುವುದರಿಂದ, ಮಾತ್ರೆಗೆ ಬದಲು ಚುಚ್ಚುಮದ್ದು ಕೊಟ್ಟರೂ ಅಪಾಯ ಪೂರ್ತಿ ತಪ್ಪದು.

ಒಮೆಪ್ರಜೋಲ್‌ನಂಥ ಔಷಧಗಳು ಆಮ್ಲವನ್ನು ತಗ್ಗಿಸಿ ಹುಣ್ಣನ್ನು ಮಾಯಿಸುತ್ತವೆ. ಆದರೆ ರಕ್ಷಣೆಯಿಲ್ಲದೆ ಮತ್ತೆ ನೋವಿನ ಮಾತ್ರೆ ನುಂಗತೊಡಗಿದರೆ ಹುಣ್ಣು ಮರಳಬಹುದು. ಇದರಲ್ಲೊಂದು ಮೋಸವೂ ಇದೆ: ಕೆಲವರಿಗೆ ಹೊಟ್ಟೆನೋವೇ ಕಾಣಿಸದೆ, ಡಾಂಬರಿನಂತೆ ಕಪ್ಪಾದ ಮಲವೇ ಮೊದಲ ಸೂಚನೆಯಾಗುತ್ತದೆ. ಅದು ಒಳಗೆ ರಕ್ತ ಸೋರುತ್ತಿರುವುದರ ಗುರುತಾಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಮಂಡಿನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ದಿನವೂ ನುಂಗುವ ಹಿರಿಯರು ನಮ್ಮ ನಿಮ್ಮ ಮನೆಗಳಲ್ಲಿ ಇದ್ದಾರು. ವೈದ್ಯರ ಬಳಿಗೆ ಹೋಗುವಾಗ ಆ ಮಾತ್ರೆಗಳನ್ನೂ ಒಯ್ದು ತೋರಿಸುವಂತೆ ಅವರಿಗೆ ಹೇಳೋಣ. ಹೃದಯದ ರಕ್ಷಣೆಗಾಗಿ ವೈದ್ಯರೇ ಕೊಟ್ಟ ಆಸ್ಪಿರಿನ್ನನ್ನು ಮಾತ್ರ ಅವರ ಸಲಹೆಯಿಲ್ಲದೆ ನಿಲ್ಲಿಸಕೂಡದು. ಹುಣ್ಣು ಮಾಯ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರ ಕಾರಣ ದೊರೆತಾಗಲೇ ಚಿಕಿತ್ಸೆ ಪೂರ್ಣವಾಗುವುದು.