ಮರ ಕಡಿಯದಿದ್ದಕ್ಕೆ ಎಷ್ಟು ಕೊಡುತ್ತೀರಿ? ನಾರ್ವೆ-ಇಂಡೋನೇಷ್ಯಾ ಒಪ್ಪಂದದ ಲೆಕ್ಕ

ವಾಣಿಜ್ಯ ವಿಭಾಗದಲ್ಲಿ ನಾವು ಮೊದಲ ದಿನದಿಂದ ಕಲಿಯುವುದು ಸರಕು ಕೊಟ್ಟರೆ ಹಣ ಬರಬೇಕು ಎಂಬುದನ್ನು. ಹಣ ಬಾರದಿದ್ದರೆ ಅದು ಸಾಲಗಾರನ ಖಾತೆಯಲ್ಲಿ ಕುಳಿತಿರುತ್ತದೆ. ಆದರೆ ಒಂದು ಕೆಲಸವನ್ನು ಮಾಡದೇ ಇದ್ದುದಕ್ಕೆ ಹಣ ಕೇಳಬಹುದೇ? ಎರಡು ಸರ್ಕಾರಗಳು ಇಂಥದೊಂದು ಒಪ್ಪಂದ ಮಾಡಿಕೊಂಡವು. ಹಣ ಕೊಡುವ ದೇಶ ನಾರ್ವೆ, ಪಡೆಯುವ ದೇಶ ಇಂಡೋನೇಷ್ಯಾ. ಬೆಲೆ ಕಟ್ಟಿದ್ದು ಕಡಿಯದೆ ಉಳಿದ ಕಾಡಿಗೆ. ಸರಿಯಾಗಿ ಹೇಳಬೇಕೆಂದರೆ, ಕಾಡು ಉಳಿದ ಕಾರಣ ಗಾಳಿಗೆ ಸೇರದೆ ಹೋದ ಇಂಗಾಲದ ಡೈಆಕ್ಸೈಡಿಗೆ.

2010ರ ಮೇ 26ರಂದು ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಒಂದು ಆಶಯ ಪತ್ರಕ್ಕೆ ಸಹಿ ಬಿತ್ತು. ಆಗ ನಾರ್ವೆಯ ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್, ಇಂಡೋನೇಷ್ಯಾದ ಅಧ್ಯಕ್ಷ ಸುಸಿಲೋ ಬಾಂಬಾಂಗ್ ಯುಧೊಯೊನೊ. ನಾರ್ವೆ ಕೊಡುತ್ತೇನೆಂದ ಮೊತ್ತ 100 ಕೋಟಿ ಡಾಲರ್‌ವರೆಗೆ. 'ವರೆಗೆ' ಎಂಬ ಪದ ಮುಖ್ಯ. ಮೊದಲು ತಯಾರಿ, ನಂತರ ಕಾನೂನು ಮತ್ತು ಆಡಳಿತದ ಬದಲಾವಣೆ, ಕೊನೆಗೆ ಕಾಡುನಾಶ ನಿಜವಾಗಿ ಕಡಿಮೆಯಾಗಿದೆ ಎಂದು ಅಳೆದು ದೃಢಪಡಿಸಿದ ಮೇಲೆ ದೊಡ್ಡ ಮೊತ್ತ. ಇದನ್ನು ಫಲಿತಾಂಶ ಆಧಾರಿತ ಪಾವತಿ ಎನ್ನುತ್ತಾರೆ. ನಾರ್ವೆ ಇದೇ ಮಾದರಿಯಲ್ಲಿ 2008ರಿಂದ ಬ್ರೆಜಿಲ್‌ನ ಅಮೆಜಾನ್ ನಿಧಿಗೂ ಹಣ ಕೊಟ್ಟಿದೆ.

ಇಂಡೋನೇಷ್ಯಾವನ್ನೇ ಏಕೆ ಆರಿಸಿದರು? ಅಲ್ಲಿ ದೊಡ್ಡ ಕಾಡಿದೆ ಎಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ನೆಲದಡಿಯಲ್ಲಿದೆ. ಸುಮಾತ್ರಾ ಮತ್ತು ಕಾಲಿಮಂತಾನ್‌ನ ತಗ್ಗು ಪ್ರದೇಶಗಳಲ್ಲಿ ನೀರು ನಿಂತ ನೆಲದಲ್ಲಿ ಎಲೆ, ಕೊಂಬೆ, ಬೇರು ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಪದರ ಪದರವಾಗಿ ಸೇರಿದೆ. ಇದಕ್ಕೆ ಪೀಟ್ ಎಂದು ಹೆಸರು. ಕೆಲವೆಡೆ ಇದು ಹಲವು ಮೀಟರ್ ಆಳವಿದೆ. ನೀರಿರುವವರೆಗೆ ಇದರಲ್ಲಿರುವ ಇಂಗಾಲ ಭದ್ರ. ಕಾಲುವೆ ತೋಡಿ ನೀರನ್ನು ಹೊರಗೆ ಬಿಟ್ಟರೆ ಪೀಟ್ ಒಣಗಿ ಸೌದೆಯಂತಾಗುತ್ತದೆ. ಬೆಂಕಿ ಹತ್ತಿದರೆ ನೆಲದೊಳಗೇ ಹೊಗೆಯಾಡುತ್ತಾ ವಾರಗಟ್ಟಲೆ ಉರಿಯುತ್ತದೆ, ಮೇಲಿಂದ ನೀರು ಸುರಿದರೂ ಬೇಗ ಆರುವುದಿಲ್ಲ. 1990ರ ದಶಕದ ಮಧ್ಯದಲ್ಲಿ ಸುಹಾರ್ತೊ ಸರ್ಕಾರ ಮಧ್ಯ ಕಾಲಿಮಂತಾನ್‌ನ ಸುಮಾರು 10 ಲಕ್ಷ ಹೆಕ್ಟೇರ್ ಪೀಟ್ ಪ್ರದೇಶವನ್ನು ಭತ್ತದ ಗದ್ದೆ ಮಾಡಲು ಹೊರಟು ಸಾವಿರಾರು ಕಿಲೋಮೀಟರ್ ಕಾಲುವೆ ತೋಡಿಸಿತು. ಭತ್ತ ಬರಲಿಲ್ಲ, ಬೆಂಕಿ ಬಂತು.

ಒಪ್ಪಂದದ ಷರತ್ತಿನಂತೆ 2011ರ ಮೇ ತಿಂಗಳಲ್ಲಿ ಇಂಡೋನೇಷ್ಯಾ ಎರಡು ವರ್ಷಗಳ ನಿಷೇಧ ಹೇರಿತು. ಪ್ರಾಥಮಿಕ ಕಾಡು ಮತ್ತು ಪೀಟ್ ಭೂಮಿಯಲ್ಲಿ ತೋಟಕ್ಕಾಗಲಿ ಮರ ಕಡಿಯಲಾಗಲಿ ಹೊಸ ಪರವಾನಗಿ ಇಲ್ಲ. ಈ ನಿಷೇಧ ಮತ್ತೆ ಮತ್ತೆ ಮುಂದುವರಿದು, 2019ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಅದನ್ನು ಶಾಶ್ವತಗೊಳಿಸಿದರು. ಹಳೆಯ ಪರವಾನಗಿಗಳು ಹಾಗೆಯೇ ಉಳಿದವು, ಒಮ್ಮೆ ಕಡಿದು ಮತ್ತೆ ಬೆಳೆದ ಕಾಡು ಇದರೊಳಗೆ ಬರಲಿಲ್ಲ. ಇನ್ನೊಂದು ವಿಷಯವೂ ಹೊರಬಿತ್ತು. ಸರ್ಕಾರದ ಬೇರೆ ಬೇರೆ ಇಲಾಖೆಗಳ ಬಳಿ ಬೇರೆ ಬೇರೆ ನಕ್ಷೆಗಳಿದ್ದವು. ಒಬ್ಬರ ನಕ್ಷೆಯಲ್ಲಿ ಕಾಡು, ಇನ್ನೊಬ್ಬರ ನಕ್ಷೆಯಲ್ಲಿ ತೋಟ. 'ಒಂದೇ ನಕ್ಷೆ' ಎಂಬ ಕೆಲಸ ಶುರುವಾದದ್ದು ಈ ಗೊಂದಲದಿಂದ. ನನ್ನ ಮಟ್ಟಿಗೆ ಒಪ್ಪಂದದ ದೊಡ್ಡ ಲಾಭ ಡಾಲರಲ್ಲ, ಈ ನಿಷೇಧ ಮತ್ತು ಈ ನಕ್ಷೆ.

ಆದರೂ 2015ರಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ಹೊಗೆ ಸಿಂಗಾಪುರ, ಮಲೇಷ್ಯಾವರೆಗೆ ಹಬ್ಬಿ ಶಾಲೆಗಳು ಮುಚ್ಚಿದವು. ವಿಶ್ವಬ್ಯಾಂಕ್ ಅಂದಾಜು ಮಾಡಿದ ನಷ್ಟ 1,610 ಕೋಟಿ ಡಾಲರ್. ನಾರ್ವೆ ಭರವಸೆ ಕೊಟ್ಟ ಪೂರ್ತಿ ಮೊತ್ತದ ಹದಿನಾರು ಪಟ್ಟು! 2016ರ ಆರಂಭದಲ್ಲಿ ಪೀಟ್ ಭೂಮಿಯ ಪುನಶ್ಚೇತನಕ್ಕೆಂದೇ ಸರ್ಕಾರ ಒಂದು ಸಂಸ್ಥೆ ಸ್ಥಾಪಿಸಿತು. ಅದೇ ವರ್ಷ ಇಂಡೋನೇಷ್ಯಾದ ಉಲಮಾ ಮಂಡಳಿ, ಇತರರಿಗೆ ಹಾನಿಯಾಗುವಂತೆ ಕಾಡಿಗೆ ಮತ್ತು ಜಮೀನಿಗೆ ಬೆಂಕಿ ಇಡುವುದು ಹರಾಮ್ ಎಂದು ಫತ್ವಾ ಹೊರಡಿಸಿತು. ಪರಿಸರದ ವಿಷಯಕ್ಕೆ ಫತ್ವಾ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಹೊಸ ಸುದ್ದಿಯಾಗಿರಬಹುದು.

ಈಗ ಲೆಕ್ಕಕ್ಕೆ ಬರೋಣ. ಆಗದೇ ಹೋದ ನಾಶವನ್ನು ಅಳೆಯುವುದು ಹೇಗೆ? ಮೊದಲು ಹಿಂದಿನ ಹತ್ತು ವರ್ಷಗಳ ಸರಾಸರಿಯನ್ನು ಮೂಲ ಮಟ್ಟವಾಗಿ ಹಿಡಿಯುತ್ತಾರೆ. ಉಪಗ್ರಹ ಚಿತ್ರಗಳಿಂದ ಈ ವರ್ಷದ ನಾಶವನ್ನು ಅಳೆದು ಅದರಿಂದ ಕಳೆಯುತ್ತಾರೆ. ಉಳಿದದ್ದನ್ನು ಇಂಗಾಲದ ಟನ್‌ಗಳಿಗೆ ಪರಿವರ್ತಿಸುತ್ತಾರೆ. ಅಳತೆಯಲ್ಲಿ ತಪ್ಪಿರಬಹುದೆಂದು ಒಂದಷ್ಟು ಪಾಲನ್ನು ಬದಿಗಿಡುತ್ತಾರೆ. ನಾವು 'ಪ್ರಾವಿಷನ್ ಫಾರ್ ಡೌಟ್‌ಫುಲ್ ಡೆಟ್ಸ್' ಮಾಡುವ ಹಾಗೆ ಎಂದುಕೊಳ್ಳಿ. ಹೀಗೆಲ್ಲ ಮಾಡಿ, ಹೊರಗಿನ ಪರಿಶೀಲಕರು ನೋಡಿದ ಮೇಲೆ, 2016-17ರ ಸಾಲಿಗೆ ಸಿಕ್ಕ ಅಂಕಿ 1.12 ಕೋಟಿ ಟನ್. ಟನ್ನಿಗೆ 5 ಡಾಲರ್‌ನಂತೆ 5.6 ಕೋಟಿ ಡಾಲರ್.

ಸರಕು ಸಿದ್ಧ, ಬಿಲ್ ಸಿದ್ಧ, ತಪಾಸಣೆಯೂ ಆಯಿತು. 2020ರಲ್ಲಿ ಮೊತ್ತ ಪ್ರಕಟವಾದರೂ ಹಣ ಬರಲಿಲ್ಲ. ಯಾವ ನಿಧಿಗೆ, ಯಾವ ನಿಯಮದಡಿ ಕಳುಹಿಸಬೇಕು ಎಂಬ ಮಾತುಕತೆ ಎಳೆಯುತ್ತಲೇ ಹೋಯಿತು. 2021ರ ಸೆಪ್ಟೆಂಬರ್ 10ರಂದು ಇಂಡೋನೇಷ್ಯಾ ಒಪ್ಪಂದವನ್ನು ಕೊನೆಗೊಳಿಸಿತು. ಮಾತುಕತೆ ಚೆನ್ನಾಗಿಯೇ ನಡೆಯುತ್ತಿತ್ತು ಎಂದು ನಾರ್ವೆ ಹೇಳಿತು. ಹಣ ದುರುಪಯೋಗವಾಗಬಾರದು ಎಂಬ ನಾರ್ವೆಯ ಕಾಳಜಿ ನ್ಯಾಯವೇ. ಆದರೆ ಹಣ ಹೋಗುವ ದಾರಿಯನ್ನು ಒಪ್ಪಂದವಾಗಿ ಹತ್ತು ವರ್ಷ ಕಳೆದ ಮೇಲೂ ಚರ್ಚಿಸುತ್ತಿದ್ದರೆ ಅದನ್ನು ಎಚ್ಚರ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಆಶಯ ಪತ್ರಕ್ಕೆ ಕಾನೂನಿನ ಬಲವಿಲ್ಲದ ಕಾರಣ ಇಂಡೋನೇಷ್ಯಾ ಯಾವ ನ್ಯಾಯಾಲಯಕ್ಕೂ ಹೋಗುವಂತಿರಲಿಲ್ಲ. ಎದ್ದು ಹೊರನಡೆಯುವುದೊಂದೇ ಅದರ ಕೈಯಲ್ಲಿದ್ದ ದಾರಿ.

ಅದು ಫಲ ಕೊಟ್ಟಿತು ಎನ್ನಬೇಕು. 2022ರ ಸೆಪ್ಟೆಂಬರ್‌ನಲ್ಲಿ ಜಕಾರ್ತಾದಲ್ಲಿ ಹೊಸ ಒಪ್ಪಂದವಾಯಿತು. ಅದೇ ವರ್ಷ ಆ 5.6 ಕೋಟಿ ಡಾಲರ್ ಇಂಡೋನೇಷ್ಯಾದ್ದೇ ಆದ ಪರಿಸರ ನಿಧಿಗೆ ಬಂತು. ನಂತರದ ವರ್ಷಗಳ ಕಡಿತಕ್ಕೂ ಹಣ ಬಂದಿದೆ.

ಬೆಲೆಯ ಪ್ರಶ್ನೆ ಮಾತ್ರ ಉಳಿಯುತ್ತದೆ. ಟನ್ನಿಗೆ 5 ಡಾಲರ್ ಎಂದರೆ 2022ರ ದರದಲ್ಲಿ ಸುಮಾರು 400 ರೂಪಾಯಿ. ಅದೇ ನೆಲದಲ್ಲಿ ತಾಳೆ ಎಣ್ಣೆಯ ತೋಟ ಮಾಡಿದರೆ ವರ್ಷ ವರ್ಷವೂ ಆದಾಯ. ಆ ಎಣ್ಣೆ ಕೊಳ್ಳುವವರು ಯಾರು? ಪ್ರಪಂಚದಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ಬೇಕರಿಯ ಬಿಸ್ಕೆಟ್, ಕರಿದ ತಿಂಡಿ, ಸೋಪು, ಎಲ್ಲದರಲ್ಲೂ ಅದು ಇದೆ. ಅತ್ತ ನಾರ್ವೆಯ ಸಂಪತ್ತು ಬಂದದ್ದು ಸಮುದ್ರದಡಿಯ ತೈಲ ಮತ್ತು ಅನಿಲದಿಂದ. ತಾನು ತೈಲ ಮಾರುತ್ತಾ ಇನ್ನೊಬ್ಬರಿಗೆ ಕಾಡು ಉಳಿಸಿ ಎನ್ನುತ್ತದೆ ಎಂಬ ಟೀಕೆ ಇದ್ದೇ ಇದೆ.

ಕಾಡಿನೊಳಗೆ ಜನರೂ ಇದ್ದಾರೆ. ಅವರ ಪರಂಪರೆಯ ಕಟ್ಟಳೆಗೆ ಇಂಡೋನೇಷ್ಯಾದಲ್ಲಿ 'ಅದತ್' ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನ 'ಆದತ್' ಕೂಡ ಅದೇ ಅರಬ್ಬಿ ಮೂಲದ್ದು, ನಮಗೆ ಅದು ಬರೀ ಅಭ್ಯಾಸ, ಅವರಿಗೆ ಕಾನೂನು. 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದತ್ ಕಾಡುಗಳು ಸರ್ಕಾರದ ಕಾಡುಗಳಲ್ಲ ಎಂದು ತೀರ್ಪು ಕೊಟ್ಟಿತು. ಹಾಗಾದರೆ ಉಳಿಸಿದ ಟನ್ನಿನ ಹಣದಲ್ಲಿ ಅವರ ಪಾಲೆಷ್ಟು? ಎರಡು ಸರ್ಕಾರಗಳ ನಡುವಿನ ಲೆಕ್ಕಪುಸ್ತಕದಲ್ಲಿ ಮೂರನೆಯವರಿಗೆ ಸುಲಭವಾಗಿ ಕಾಲಂ ಸಿಗುವುದಿಲ್ಲ.

ಇನ್ನೊಂದು ಅಂಶ ಭಾರತಕ್ಕೂ ಸಂಬಂಧಿಸಿದ್ದು. ನಾರ್ವೆ ಹಣ ಕೊಟ್ಟರೂ ಆ ಟನ್‌ಗಳನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ, ಅವು ಇಂಡೋನೇಷ್ಯಾದಲ್ಲೇ ಉಳಿದವು. 2025ರ ಆಗಸ್ಟ್‌ನಲ್ಲಿ ಭಾರತ ಜಪಾನ್ ಜೊತೆ ಮಾಡಿಕೊಂಡ ಜಂಟಿ ಕ್ರೆಡಿಟ್ ವ್ಯವಸ್ಥೆ ಬೇರೆ ಬಗೆಯದು. ಜಪಾನ್‌ನ ಬಂಡವಾಳ ಮತ್ತು ತಂತ್ರಜ್ಞಾನದಿಂದ ಇಲ್ಲಿ ಆಗುವ ಕಡಿತದಲ್ಲಿ ಒಂದು ಪಾಲು ಜಪಾನ್‌ನ ಗುರಿಗೆ ಜಮಾ ಆಗುತ್ತದೆ. ಪ್ಯಾರಿಸ್ ಒಪ್ಪಂದದ 6ನೇ ವಿಧಿಯ ನಿಯಮದಂತೆ ಆ ಪಾಲನ್ನು ಭಾರತ ತನ್ನ ಸಾಧನೆಯಾಗಿ ಮತ್ತೆ ತೋರಿಸುವಂತಿಲ್ಲ. ಅಲ್ಲಿ ಕ್ರೆಡಿಟ್ ಆದದ್ದು ಇಲ್ಲಿ ಡೆಬಿಟ್ ಆಗಲೇಬೇಕು. ಅಗ್ಗವಾಗಿ ಮಾಡಬಹುದಾದ ಕಡಿತಗಳನ್ನೆಲ್ಲ ಮೊದಲೇ ಹಂಚಿಬಿಟ್ಟರೆ, ನಮ್ಮ ಗುರಿಗೆ ದುಬಾರಿ ಕಡಿತಗಳಷ್ಟೇ ಉಳಿಯುತ್ತವೆ.